ನಿಧಾನವೇ ಪ್ರಧಾನ: ಕಿಲಿಮಂಜಾರೋ ಏರುವ ದಾರಿಗಳು

ಒಂದು ಶಾಲೆಯಲ್ಲಿ ಏಳನೇ ತರಗತಿಯ ಮಕ್ಕಳಿಗೆ ಆಫ್ರಿಕಾದ ಭೂಪಟ ತೋರಿಸುತ್ತಿದ್ದೆ. ಆ ಖಂಡದ ಅತಿ ಎತ್ತರದ ಪರ್ವತ ಕಿಲಿಮಂಜಾರೋ. ಅದನ್ನು ಏರಲು ಹಲವು ದಾರಿಗಳಿವೆ. ಒಂದು ದಾರಿಯಲ್ಲಿ ಐದು ದಿನಕ್ಕೆ ಹೋಗಿ ಬರಬಹುದು, ಇನ್ನೊಂದರಲ್ಲಿ ಒಂಬತ್ತು ದಿನ ಬೇಕು ಎಂದು ಹೇಳಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಐದು ದಿನದ ದಾರಿ ಇರುವಾಗ ಒಂಬತ್ತು ದಿನದ ದಾರೀಲಿ ಯಾರು ಹೋಗ್ತಾರೆ?" ಎಂದು ಕೇಳಿದಳು.

ತರಗತಿಯಲ್ಲಿ ಎಲ್ಲರೂ ನಕ್ಕರು. ಆದರೆ ಅದು ನಗುವ ಪ್ರಶ್ನೆಯಲ್ಲ. ತುದಿ ಮುಟ್ಟಿ ಕ್ಷೇಮವಾಗಿ ಮನೆಗೆ ಮರಳಬೇಕು ಎನ್ನುವ ಬಹಳಷ್ಟು ಮಂದಿ ಸುತ್ತು ದಾರಿಯನ್ನೇ ಹಿಡಿಯುತ್ತಾರೆ. ಅವಸರದಲ್ಲಿ ಏರಿದವರಲ್ಲಿ ಅನೇಕರು ತುದಿ ಮುಟ್ಟದೆ ಅರ್ಧ ದಾರಿಯಿಂದ ಹಿಂದಿರುಗುತ್ತಾರೆ. ಕೆಲವರು ಪ್ರಾಣವನ್ನೇ ಕಳೆದುಕೊಂಡಿದ್ದಾರೆ. ಹೀಗೇಕೆ? ಉತ್ತರ ಇರುವುದು ನಾವು ಉಸಿರಾಡುವ ಗಾಳಿಯಲ್ಲಿ ಮತ್ತು ನಮ್ಮ ದೇಹದಲ್ಲಿ. ಬನ್ನಿ, ಪರ್ವತವನ್ನು ಏರುತ್ತಲೇ ತಿಳಿಯೋಣ.

ಪರ್ವತದ ಪರಿಚಯ

ಕಿಲಿಮಂಜಾರೋ ಇರುವುದು ಪೂರ್ವ ಆಫ್ರಿಕಾದ ಟಾಂಜಾನಿಯಾ ದೇಶದಲ್ಲಿ, ಕೀನ್ಯಾದ ಗಡಿಗೆ ಹತ್ತಿರ. ಸಮಭಾಜಕ ವೃತ್ತದಿಂದ ದಕ್ಷಿಣಕ್ಕೆ ಸುಮಾರು 340 ಕಿ.ಮೀ. ದೂರ. ಇದರ ಎತ್ತರ ಸಮುದ್ರ ಮಟ್ಟದಿಂದ 5895 ಮೀಟರ್. ನಮ್ಮ ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1930 ಮೀಟರ್. ಮೂರು ಮುಳ್ಳಯ್ಯನಗಿರಿಗಳನ್ನು ಒಂದರ ಮೇಲೊಂದು ಇಟ್ಟರೂ ಕಿಲಿಮಂಜಾರೋಗೆ ನೂರು ಮೀಟರ್ ಕಡಿಮೆಯೇ ಆಗುತ್ತದೆ!

ಇದು ಹಿಮಾಲಯದಂತೆ ಸಾಲು ಪರ್ವತವಲ್ಲ. ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತ ಜ್ವಾಲಾಮುಖಿ ಪರ್ವತ. ಇದರಲ್ಲಿ ಮೂರು ಜ್ವಾಲಾಮುಖಿಗಳಿವೆ: ಕಿಬೋ, ಮಾವೆಂಜಿ ಮತ್ತು ಶಿರಾ. ಶಿರಾ ಮತ್ತು ಮಾವೆಂಜಿ ಆರಿಹೋಗಿವೆ. ಎಲ್ಲಕ್ಕಿಂತ ಎತ್ತರವಾದ ಕಿಬೋ ಮಲಗಿದೆ, ಪೂರ್ತಿ ಆರಿಲ್ಲ. ಅದರ ಬಾಯಿಯ ಬಳಿ ಇಂದಿಗೂ ಗಂಧಕದ ವಾಸನೆಯ ಅನಿಲ ಹೊರಬರುತ್ತದೆ.

ಕಿಬೋದ ಅಂಚಿನ ಅತಿ ಎತ್ತರದ ಜಾಗದ ಹೆಸರು ಉಹುರು. ಸ್ವಾಹಿಲಿ ಭಾಷೆಯಲ್ಲಿ ಉಹುರು ಎಂದರೆ ಸ್ವಾತಂತ್ರ್ಯ. 1961ರ ಡಿಸೆಂಬರ್ 9ರಂದು ಆಗಿನ ಟಾಂಗನಿಕಾ ಸ್ವತಂತ್ರವಾದಾಗ ಈ ತುದಿಯಲ್ಲಿ ಪಂಜು ಹಚ್ಚಿ ಬೆಳಗಿಸಿದರು. ಅದಕ್ಕೂ ಮೊದಲು ಈ ತುದಿಗೆ ಜರ್ಮನಿಯ ಚಕ್ರವರ್ತಿಯ ಹೆಸರಿತ್ತು.

ಬಿಸಿಲ ನಾಡಿನಲ್ಲಿ ಹಿಮವೇ?

1848ರಲ್ಲಿ ಯೊಹಾನೆಸ್ ರೆಬ್‌ಮಾನ್ ಎಂಬ ಜರ್ಮನ್ ಪಾದ್ರಿ ಈ ಪರ್ವತವನ್ನು ಕಂಡು, ಅದರ ತಲೆಯ ಮೇಲೆ ಹಿಮವಿದೆ ಎಂದು ಬರೆದರು. ಯುರೋಪಿನ ಕೆಲವು ಭೂಗೋಳ ತಜ್ಞರು ಇದನ್ನು ನಂಬಲಿಲ್ಲ. ಸೂರ್ಯ ನೆತ್ತಿಯ ಮೇಲೆ ಸುಡುವ ಜಾಗದಲ್ಲಿ ಹಿಮ ಎಲ್ಲಿಂದ ಬರಬೇಕು ಎಂದು ಹಾಸ್ಯ ಮಾಡಿದರು. ಮುಂದೆ ಬೇರೆ ಅನ್ವೇಷಕರು ಹೋಗಿ ನೋಡಿ ಬಂದ ಮೇಲೆ ರೆಬ್‌ಮಾನ್ ಹೇಳಿದ್ದು ನಿಜವೆಂದು ಒಪ್ಪಬೇಕಾಯಿತು. ಪರ್ವತದ ಬುಡದಲ್ಲೇ ಬಾಳುವ ಚಗ್ಗಾ ಜನರಿಗೆ ಮಾತ್ರ ಇದು ಹೊಸ ಸುದ್ದಿಯೇನೂ ಆಗಿರಲಿಲ್ಲ.

ಹಿಮ ಹೇಗೆ ಬಂತು? ಒಂದು ಚಿಕ್ಕ ಲೆಕ್ಕ ಮಾಡೋಣ. ಮೇಲೆ ಹೋದಂತೆ ಗಾಳಿಯ ಉಷ್ಣತೆ ಕಡಿಮೆಯಾಗುತ್ತದೆ. ಪ್ರತಿ 1000 ಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಬೆಟ್ಟದ ಬುಡದ ಊರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ 25 ಡಿಗ್ರಿ ಇದೆ ಎಂದುಕೊಳ್ಳಿ. ತುದಿಗೂ ಊರಿಗೂ ಇರುವ ಎತ್ತರದ ವ್ಯತ್ಯಾಸ ಸುಮಾರು 5000 ಮೀಟರ್. 5 x 6.5 = 32.5. ಅಂದರೆ 25ರಿಂದ 32.5 ಕಳೆಯಬೇಕು. ತುದಿಯಲ್ಲಿ ಉಷ್ಣತೆ ಸೊನ್ನೆಗಿಂತ 7.5 ಡಿಗ್ರಿ ಕೆಳಗೆ! ನೀರು ಹೆಪ್ಪುಗಟ್ಟುವುದು ಸೊನ್ನೆ ಡಿಗ್ರಿಯಲ್ಲಿ. ಹಿಮ ಏಕೆ ಇದೆ ಎಂಬುದು ಈಗ ತಿಳಿಯಿತಲ್ಲವೆ?

ಒಂದೇ ಬೆಟ್ಟ, ಐದು ಪಟ್ಟಿಗಳು

ಯಾವ ದಾರಿಯಲ್ಲಿ ಹೋದರೂ ಚಾರಣಿಗರು ಕೆಲವೇ ದಿನಗಳಲ್ಲಿ ಬೇರೆ ಬೇರೆ ಹವಾಮಾನದ ಪಟ್ಟಿಗಳನ್ನು ದಾಟುತ್ತಾರೆ.

ಸುಮಾರು 1800 ಮೀಟರ್ ತನಕ ಚಗ್ಗಾ ರೈತರ ತೋಟಗಳು. ನಮ್ಮ ಮಲೆನಾಡಿನಂತೆ ಬಾಳೆ ಮತ್ತು ಕಾಫಿ ಒಟ್ಟೊಟ್ಟಿಗೆ ಬೆಳೆಯುತ್ತವೆ. ಅಲ್ಲಿಂದ ಸುಮಾರು 2800 ಮೀಟರ್ ತನಕ ದಟ್ಟ ಮಳೆಕಾಡು. ಮರಗಳಿಂದ ಹಾವಸೆ ನೇತಾಡುತ್ತಿರುತ್ತದೆ. ಕಪ್ಪು ಬಿಳುಪು ಬಣ್ಣದ ಕೊಲೊಬಸ್ ಕೋತಿಗಳು ಕೊಂಬೆಯಿಂದ ಕೊಂಬೆಗೆ ಹಾರುತ್ತವೆ. ಅಲ್ಲಿಂದ ಸುಮಾರು 4000 ಮೀಟರ್ ತನಕ ಕುರುಚಲು ಗಿಡಗಳ ಮತ್ತು ಹುಲ್ಲಿನ ಬಯಲು.

ಈ ಮೂರನೇ ಪಟ್ಟಿಯಲ್ಲಿ ಹಗಲು ಬೇಸಿಗೆ, ರಾತ್ರಿ ಚಳಿಗಾಲ. ಇದನ್ನು ಗಿಡಗಳು ಹೇಗೆ ತಡೆಯುತ್ತವೆ? ದೈತ್ಯ ಸೆನೇಸಿಯೋ ಎಂಬ ಗಿಡ ಒಣಗಿದ ಎಲೆಗಳನ್ನು ಉದುರಿಸುವುದಿಲ್ಲ. ಅವು ಕಾಂಡಕ್ಕೆ ಕಂಬಳಿಯಂತೆ ಸುತ್ತಿಕೊಂಡಿರುತ್ತವೆ. ದೈತ್ಯ ಲೊಬೇಲಿಯಾ ಗಿಡ ರಾತ್ರಿಯಾದೊಡನೆ ಎಲೆಗಳನ್ನು ಮುಚ್ಚಿಕೊಂಡು ನಡುವಿನ ಎಳೆಯ ಮೊಗ್ಗನ್ನು ಕಾಪಾಡುತ್ತದೆ.

4000 ಮೀಟರಿನಿಂದ ಮೇಲೆ ಕಲ್ಲು ಮತ್ತು ಬೂದಿಯ ಮರುಭೂಮಿ. 5000 ಮೀಟರ್ ದಾಟಿದ ಮೇಲೆ ಮಂಜುಗಡ್ಡೆಯ ವಲಯ. ಅಲ್ಲಿ ಕಲ್ಲುಹೂವಿನಂಥ ಕೆಲವೇ ಜೀವಿಗಳನ್ನು ಬಿಟ್ಟರೆ ಹಸಿರು ಕಾಣುವುದಿಲ್ಲ.

ಏರುವ ದಾರಿಗಳು

ಪರ್ವತದ ಸುತ್ತಲಿನ ಕಾಡಿನಿಂದ ತುದಿಗೆ ಹೋಗಲು ಹಲವು ಅಧಿಕೃತ ದಾರಿಗಳಿವೆ. ಇದು ರಾಷ್ಟ್ರೀಯ ಉದ್ಯಾನ. 1987ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಆದ್ದರಿಂದ ಯಾರೂ ಮನಸ್ಸಿಗೆ ಬಂದ ಕಡೆ ಹತ್ತುವಂತಿಲ್ಲ. ಪರವಾನಗಿ ಪಡೆದ ಮಾರ್ಗದರ್ಶಿ ಜೊತೆಗಿರಲೇಬೇಕು. ಮುಖ್ಯ ದಾರಿಗಳನ್ನು ನೋಡೋಣ.

ಮರಂಗು: ಆಗ್ನೇಯ ದಿಕ್ಕಿನಿಂದ ಏರುವ ಹಳೆಯ ದಾರಿ. ರಾತ್ರಿ ಮಲಗಲು ಮರದ ಮನೆಗಳಿರುವುದು ಇದೊಂದೇ ದಾರಿಯಲ್ಲಿ. ಉಳಿದ ಕಡೆ ಡೇರೆಯೇ ಗತಿ. ಐದು ಅಥವಾ ಆರು ದಿನ ಹಿಡಿಯುತ್ತದೆ. ಹತ್ತಿದ ದಾರಿಯಲ್ಲೇ ಇಳಿಯಬೇಕು. ಈ ದಾರಿಯ ಬಾಗಿಲು ಸುಮಾರು 1850 ಮೀಟರ್ ಎತ್ತರದಲ್ಲಿದೆ. ಅಂದರೆ ನಮ್ಮ ಮುಳ್ಳಯ್ಯನಗಿರಿ ಮುಗಿಯುವ ಹತ್ತಿರದಲ್ಲಿ ಈ ಚಾರಣ ಶುರುವಾಗುತ್ತದೆ!

ಮಚಾಮೆ: ನೈರುತ್ಯ ದಿಕ್ಕಿನಿಂದ ಏರುವ ದಾರಿ. ಆರು ಅಥವಾ ಏಳು ದಿನ. ಮರಂಗುಗಿಂತ ಏರಿಳಿತ ಹೆಚ್ಚು. ನಡುವೆ ಬರಂಕೋ ಗೋಡೆ ಎಂಬ ಸುಮಾರು 250 ಮೀಟರಿನ ಕಡಿದಾದ ಬಂಡೆಯ ಏರು ಇದೆ. ಅಲ್ಲಲ್ಲಿ ಕೈಯನ್ನೂ ಊರಿ ಹತ್ತಬೇಕು.

ಲೆಮೋಶೋ: ಪಶ್ಚಿಮದಿಂದ ಶಿರಾ ಪ್ರಸ್ಥಭೂಮಿಯನ್ನು ದಾಟಿ ಬಂದು ಮಚಾಮೆ ದಾರಿಯನ್ನು ಸೇರುತ್ತದೆ. ಏಳು ಅಥವಾ ಎಂಟು ದಿನ.

ರೊಂಗಾಯ್: ಕೀನ್ಯಾ ಗಡಿಯ ಕಡೆಯಿಂದ, ಅಂದರೆ ಉತ್ತರದಿಂದ ಏರುತ್ತದೆ. ಆರು ಅಥವಾ ಏಳು ದಿನ. ಇಲ್ಲಿ ಮಳೆ ಕಡಿಮೆ. ಹಿಂದೂ ಮಹಾಸಾಗರದಿಂದ ಬರುವ ತೇವದ ಗಾಳಿ ಪರ್ವತದ ದಕ್ಷಿಣದ ಇಳಿಜಾರಿನಲ್ಲೇ ಹೆಚ್ಚು ಮಳೆ ಸುರಿಸಿಬಿಡುತ್ತದೆ. ಉತ್ತರದ ಮಗ್ಗುಲು ಮಳೆನೆರಳು. ಪಶ್ಚಿಮ ಘಟ್ಟದ ಈಚೆಗಿನ ನಮ್ಮ ಬಯಲುಸೀಮೆಯಂತೆಯೇ.

ಉಂಬ್ವೆ: ದಕ್ಷಿಣದಿಂದ ನೇರವಾಗಿ ಏರುವ, ಎಲ್ಲಕ್ಕಿಂತ ಕಡಿದಾದ ದಾರಿ. ಎರಡನೇ ರಾತ್ರಿಗೇ ಚಾರಣಿಗರು ಸುಮಾರು 3960 ಮೀಟರ್ ಎತ್ತರಕ್ಕೆ ಬಂದುಬಿಡುತ್ತಾರೆ.

ಉತ್ತರದ ಸುತ್ತು: ಪಶ್ಚಿಮದಿಂದ ಹೊರಟು ಕಿಬೋದ ಉತ್ತರ ಮಗ್ಗುಲನ್ನು ಬಳಸಿಕೊಂಡು ಹೋಗುವ ಅತಿ ಉದ್ದದ ದಾರಿ. ಎಂಟು ಅಥವಾ ಒಂಬತ್ತು ದಿನ. ನಮ್ಮ ಹುಡುಗಿ ಕೇಳಿದ್ದು ಇದನ್ನೇ.

ಇನ್ನು ಮ್ವೆಕಾ ಎಂಬ ದಾರಿ ಇಳಿಯಲು ಮಾತ್ರ.

ಈಗ ನಿಜವಾದ ಪ್ರಶ್ನೆಗೆ ಬರೋಣ.

ಅರ್ಧ ಉಸಿರು

ಗಾಳಿಗೂ ತೂಕವಿದೆ. ಹತ್ತಿಯ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಏನಾಗುತ್ತದೆ? ಕೆಳಗಿನ ಮೂಟೆ ಮೇಲಿನವುಗಳ ಭಾರಕ್ಕೆ ಅದುಮಿಕೊಳ್ಳುತ್ತದೆ. ಮೇಲಿನ ಮೂಟೆ ಸಡಿಲವಾಗಿಯೇ ಇರುತ್ತದೆ. ವಾತಾವರಣವೂ ಹಾಗೆಯೇ. ಸಮುದ್ರ ಮಟ್ಟದಲ್ಲಿ ಗಾಳಿ ದಟ್ಟವಾಗಿರುತ್ತದೆ, ಮೇಲೆ ಹೋದಂತೆ ವಿರಳವಾಗುತ್ತದೆ. ಘಾಟಿ ರಸ್ತೆಯಲ್ಲಿ ಬಸ್ಸು ಏರುವಾಗ ನಿಮ್ಮ ಕಿವಿ ಕಟ್ಟಿದಂತಾಗಿ, ಉಗುಳು ನುಂಗಿದಾಗ ಟಪ್ ಎಂದು ಬಿಟ್ಟುಕೊಂಡಿರಬೇಕಲ್ಲ? ಅದು ಗಾಳಿಯ ಒತ್ತಡ ಬದಲಾದುದರ ಗುರುತು.

ಕಿಲಿಮಂಜಾರೋದ ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರುವುದರ ಸುಮಾರು ಅರ್ಧ ಮಾತ್ರ. ಚಾರಣಿಗರು ಒಯ್ದ ಬಿಸ್ಕತ್ತಿನ ಪೊಟ್ಟಣಗಳು ಮೇಲಿನ ಬಿಡಾರಗಳಲ್ಲಿ ಉಬ್ಬಿಕೊಂಡು ಪುಟ್ಟ ದಿಂಬಿನಂತಾಗುತ್ತವೆ. ಒಳಗಿನ ಗಾಳಿಯನ್ನು ಹೊರಗಿನಿಂದ ಅದುಮುವ ಒತ್ತಡ ಕಡಿಮೆಯಾಗಿರುವುದೇ ಇದಕ್ಕೆ ಕಾರಣ.

ಇಲ್ಲಿ ಅನೇಕರು ಒಂದು ತಪ್ಪು ಮಾಡುತ್ತಾರೆ. ಮೇಲೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆ ಎಂದು ಹೇಳುತ್ತಾರೆ. ಅದು ಸರಿಯಲ್ಲ. ಬುಡದಲ್ಲಾಗಲಿ ತುದಿಯಲ್ಲಾಗಲಿ ಗಾಳಿಯ ನೂರು ಭಾಗದಲ್ಲಿ ಸುಮಾರು 21 ಭಾಗ ಆಮ್ಲಜನಕವೇ. ಆದರೆ ಗಾಳಿಯೇ ವಿರಳವಾಗಿರುವುದರಿಂದ ಒಂದು ಉಸಿರಿಗೆ ಒಳಬರುವ ಆಮ್ಲಜನಕ ಕಡಿಮೆ. ಸಮುದ್ರ ಮಟ್ಟದಲ್ಲಿ ಒಂದು ಉಸಿರಿಗೆ ಎರಡು ಲೋಟ ಸಿಗುತ್ತಿತ್ತು ಎಂದುಕೊಂಡರೆ ಅಲ್ಲಿ ಒಂದೇ ಲೋಟ.

ಸಮಭಾಜಕದ ಹತ್ತಿರ ಇರುವುದರಿಂದ ಒಂದು ಅನುಕೂಲವೂ ಇದೆ. ಅಲ್ಲಿ ವಾತಾವರಣದ ಕೆಳಪದರ ಧ್ರುವಗಳ ಕಡೆಗಿಂತ ದಪ್ಪ. ಹಾಗಾಗಿ ಇಷ್ಟೇ ಎತ್ತರದ ಪರ್ವತ ಧ್ರುವದ ಬಳಿ ಇದ್ದಿದ್ದರೆ ಅದರ ತುದಿಯಲ್ಲಿ ಗಾಳಿ ಇನ್ನೂ ವಿರಳವಾಗಿರುತ್ತಿತ್ತು.

ದೇಹ ಒಗ್ಗಿಕೊಳ್ಳುವ ಬಗೆ

ಆಮ್ಲಜನಕ ಕಡಿಮೆಯಾದೊಡನೆ ದೇಹ ಸುಮ್ಮನಿರುವುದಿಲ್ಲ. ಉಸಿರಾಟ ಜೋರಾಗುತ್ತದೆ, ಹೃದಯ ವೇಗವಾಗಿ ಬಡಿಯುತ್ತದೆ. ಇದು ಕೂಡಲೇ ಆಗುವ ಕೆಲಸ.

ಆದರೆ ಜೋರಾಗಿ ಉಸಿರಾಡಿದಾಗ ಇನ್ನೊಂದು ತೊಂದರೆ ಇದೆ. ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹೆಚ್ಚಾಗಿ ಹೊರಗೆ ಹೋಗಿಬಿಡುತ್ತದೆ. ಅದರಿಂದ ರಕ್ತದಲ್ಲಿ ಆಮ್ಲದ ಗುಣ ಕಡಿಮೆಯಾಗಿ ಕ್ಷಾರದ ಗುಣ ಹೆಚ್ಚುತ್ತದೆ. ಇದನ್ನು ಗಮನಿಸಿದ ಮೆದುಳು, ಸಾಕು, ನಿಧಾನಿಸು ಎಂದು ಉಸಿರಾಟಕ್ಕೆ ಬ್ರೇಕ್ ಹಾಕುತ್ತದೆ. ಒಂದು ಕಡೆ ಇನ್ನೂ ಆಮ್ಲಜನಕ ಬೇಕು, ಇನ್ನೊಂದು ಕಡೆ ಬ್ರೇಕ್! ಈ ಇಕ್ಕಟ್ಟಿನಿಂದ ಪಾರು ಮಾಡುವುದು ಮೂತ್ರಪಿಂಡಗಳು. ಅವು ಹೆಚ್ಚಾದ ಕ್ಷಾರವನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಆಗ ಬ್ರೇಕ್ ಸಡಿಲವಾಗಿ ಉಸಿರಾಟ ಮತ್ತೆ ಸರಾಗವಾಗುತ್ತದೆ. ಆದರೆ ಮೂತ್ರಪಿಂಡಗಳು ಈ ಕೆಲಸ ಮಾಡಲು ಗಂಟೆಗಳಲ್ಲ, ದಿನಗಳು ಬೇಕು. ಆಮ್ಲಜನಕವನ್ನು ಹೊತ್ತೊಯ್ಯುವ ಕೆಂಪು ರಕ್ತಕಣಗಳು ಹೆಚ್ಚಾಗಲಂತೂ ವಾರಗಳೇ ಬೇಕು.

ಹೀಗೆ ದೇಹ ಹಂತ ಹಂತವಾಗಿ ಸಿದ್ಧವಾಗುವುದನ್ನು ಎತ್ತರಕ್ಕೆ ಒಗ್ಗಿಕೊಳ್ಳುವುದು ಎನ್ನುತ್ತಾರೆ. ಇದನ್ನು ಅವಸರಪಡಿಸಲು ಆಗುವುದಿಲ್ಲ. ಎಷ್ಟೇ ಗಟ್ಟಿಮುಟ್ಟಾದ ಓಟಗಾರನಾದರೂ ಅವನ ಮೂತ್ರಪಿಂಡಗಳಿಗೂ ಅಷ್ಟೇ ದಿನಗಳು ಬೇಕು. ಕಾಲಿನ ಬಲ ಬೇರೆ, ಎತ್ತರಕ್ಕೆ ಒಗ್ಗುವ ಶಕ್ತಿ ಬೇರೆ.

ಎಲ್ಲಿ ಮಲಗುತ್ತೀರಿ ಎನ್ನುವುದೇ ಮುಖ್ಯ

ನಿದ್ದೆಯಲ್ಲಿ ನಮ್ಮ ಉಸಿರಾಟ ತಗ್ಗುತ್ತದೆ. ಆದ್ದರಿಂದ ಹಗಲು ಎಷ್ಟು ಎತ್ತರಕ್ಕೆ ಹೋದಿರಿ ಎನ್ನುವುದಕ್ಕಿಂತ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದಿರಿ ಎನ್ನುವುದು ಮುಖ್ಯ. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು ಎಂದು ಪರ್ವತ ವೈದ್ಯರು ಹೇಳುತ್ತಾರೆ.

ಈಗ ಎರಡು ದಾರಿಗಳಲ್ಲಿ ಮಲಗುವ ಜಾಗಗಳ ಎತ್ತರವನ್ನು ಹೋಲಿಸಿ. ಎಲ್ಲವೂ ಸುಮಾರು ಅಂಕಿಗಳು.

ಮರಂಗು, 5 ದಿನ: ಮೊದಲ ರಾತ್ರಿ 2720 ಮೀ., ಎರಡನೇ ರಾತ್ರಿ 3720 ಮೀ., ಮೂರನೇ ರಾತ್ರಿ 4720 ಮೀ., ಅಲ್ಲಿಂದ ತುದಿಗೆ.

ಮಚಾಮೆ, 7 ದಿನ: ಮೊದಲ ರಾತ್ರಿ 3000 ಮೀ., ಎರಡನೇ ರಾತ್ರಿ 3840 ಮೀ., ಮೂರನೇ ರಾತ್ರಿ 3960 ಮೀ., ನಾಲ್ಕನೇ ರಾತ್ರಿ 4000 ಮೀ., ಐದನೇ ರಾತ್ರಿ 4650 ಮೀ., ಅಲ್ಲಿಂದ ತುದಿಗೆ.

ಮರಂಗು ದಾರಿಯಲ್ಲಿ ಪ್ರತಿ ರಾತ್ರಿ 1000 ಮೀಟರ್ ಜಿಗಿತ. ವೈದ್ಯರು ಹೇಳಿದ್ದರ ಎರಡರಷ್ಟು! ಮಚಾಮೆಯಲ್ಲೂ ಎರಡು ಕಡೆ ದೊಡ್ಡ ಜಿಗಿತವಿದೆ. ಆದರೆ ನಡುವೆ ಮೂರು ರಾತ್ರಿಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕಳೆಯುತ್ತವೆ. ಮೂತ್ರಪಿಂಡಗಳಿಗೆ ಬೇಕಾಗಿದ್ದ ಬಿಡುವು ಅದೇ.

ಮಚಾಮೆಯ ಮೂರನೇ ದಿನ ಇನ್ನೂ ಸ್ವಾರಸ್ಯವಾದುದು. ಬೆಳಗ್ಗೆ 3840 ಮೀಟರಿನಿಂದ ಹೊರಟು ಮಧ್ಯಾಹ್ನಕ್ಕೆ ಲಾವಾ ಗೋಪುರ ಎಂಬ ದೊಡ್ಡ ಬಂಡೆಯ ಬಳಿಗೆ ಬರುತ್ತಾರೆ. ಅದರ ಎತ್ತರ ಸುಮಾರು 4600 ಮೀಟರ್. ಊಟ ಮುಗಿಸಿ ಮತ್ತೆ 3960 ಮೀಟರಿಗೆ ಇಳಿದು ಮಲಗುತ್ತಾರೆ. ಹತ್ತಿದ್ದೆಲ್ಲ ದಂಡವಾಯಿತೆ? ಇಲ್ಲ. ಮುಂದೆ ಬರುವ ವಿರಳ ಗಾಳಿಯ ರುಚಿಯನ್ನು ದೇಹಕ್ಕೆ ತೋರಿಸಿ, ದಟ್ಟ ಗಾಳಿಯಲ್ಲಿ ವಿಶ್ರಾಂತಿ ಕೊಟ್ಟಂತಾಯಿತು. ಎತ್ತರಕ್ಕೆ ಹತ್ತು, ತಗ್ಗಿನಲ್ಲಿ ಮಲಗು ಎಂಬುದು ಪರ್ವತಾರೋಹಿಗಳ ಹಳೆಯ ಪಾಠ.

ಮರಂಗು ದಾರಿ ಕೆಟ್ಟದ್ದೆಂದು ಇದರ ಅರ್ಥವಲ್ಲ. 3720 ಮೀಟರಿನಲ್ಲಿ ಇನ್ನೊಂದು ರಾತ್ರಿ ಉಳಿದು ಆರು ದಿನದಲ್ಲಿ ಏರಿದರೆ ಅದೇ ದಾರಿ ಹೆಚ್ಚು ಸುರಕ್ಷಿತವಾಗುತ್ತದೆ. ವ್ಯತ್ಯಾಸ ಇರುವುದು ದಾರಿಯ ಹೆಸರಿನಲ್ಲಲ್ಲ, ದಿನಗಳ ಲೆಕ್ಕದಲ್ಲಿ.

ತಲೆನೋವನ್ನು ಮುಚ್ಚಿಡಬೇಡಿ

ದೇಹ ಒಗ್ಗಿಕೊಳ್ಳುವ ಮುನ್ನ ಮೇಲೆ ಹೋದರೆ ಪರ್ವತ ಕಾಯಿಲೆ ಬರುತ್ತದೆ. ಮೊದಲು ತಲೆನೋವು, ಓಕರಿಕೆ, ಊಟ ಬೇಡವಾಗುವುದು, ತಲೆಸುತ್ತು, ನಿದ್ದೆ ಬಾರದಿರುವುದು. ಇಷ್ಟರಲ್ಲೇ ನಿಂತು ವಿಶ್ರಾಂತಿ ಪಡೆದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಲೆಕ್ಕಿಸದೆ ಮುಂದೆ ಹೋದರೆ ಅಪಾಯ. ಕೆಲವರ ಮೆದುಳು ಊದಿಕೊಳ್ಳುತ್ತದೆ. ಅವರು ಕುಡಿದವರಂತೆ ತೂರಾಡುತ್ತಾರೆ, ತೊದಲುತ್ತಾರೆ, ಎಲ್ಲಿದ್ದೇವೆಂಬುದೂ ತಿಳಿಯುವುದಿಲ್ಲ. ಕೆಲವರ ಶ್ವಾಸಕೋಶದಲ್ಲಿ ನೀರು ತುಂಬಿ, ಕುಳಿತಲ್ಲೇ ಏದುಸಿರು ಬರುತ್ತದೆ. ಇವೆರಡೂ ಪ್ರಾಣಕ್ಕೆ ಎರವಾಗುವ ಸ್ಥಿತಿಗಳು.

ಇದಕ್ಕೆ ಮೊದಲ ಮದ್ದು ಒಂದೇ: ಕೂಡಲೇ ಕೆಳಗೆ ಇಳಿಸುವುದು. ರಾತ್ರಿಯಾದರೂ ಸರಿ, ಮಳೆಯಾದರೂ ಸರಿ. ನಡೆಯಲಾರದವರನ್ನು ಇಳಿಸಲು ಒಂಟಿ ಚಕ್ರದ ಸ್ಟ್ರೆಚರ್‌ಗಳಿವೆ. ಔಷಧಿ ಮತ್ತು ಆಮ್ಲಜನಕದ ಸಿಲಿಂಡರು ಸಹಾಯಕ್ಕೆ ಬರುತ್ತವೆ, ಆದರೆ ಇಳಿಯುವುದಕ್ಕೆ ಬದಲಿ ಅಲ್ಲ.

ಮಾರ್ಗದರ್ಶಿಗಳು ಒಂದು ಸರಳ ಪರೀಕ್ಷೆ ಮಾಡುತ್ತಾರೆ. ನೆಲದ ಮೇಲೆ ಗೆರೆ ಎಳೆದು, ಒಂದು ಹೆಜ್ಜೆಯ ಹೆಬ್ಬೆರಳಿಗೆ ಇನ್ನೊಂದು ಹೆಜ್ಜೆಯ ಹಿಮ್ಮಡಿ ತಾಗುವಂತೆ ನಡೆಯಲು ಹೇಳುತ್ತಾರೆ. ಆರೋಗ್ಯವಂತರು ಸುಲಭವಾಗಿ ನಡೆಯುತ್ತಾರೆ. ಮೆದುಳಿಗೆ ತೊಂದರೆಯಾದವರು ಗೆರೆ ತಪ್ಪಿ ವಾಲುತ್ತಾರೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಯಾವುದು ಗೊತ್ತೆ? ಸುಮ್ಮನಿರುವುದು. ಜೊತೆಯವರು ನಕ್ಕಾರು, ಇಷ್ಟು ದೂರ ಬಂದು ತುದಿ ನೋಡದೆ ಹೋಗಬೇಕಾದೀತು ಎಂದು ಕೆಲವರು ತಲೆನೋವನ್ನು ಮುಚ್ಚಿಡುತ್ತಾರೆ. ಹಾಗೆ ಮುಚ್ಚಿಟ್ಟವರೇ ಹೆಚ್ಚು ಕಷ್ಟಕ್ಕೆ ಸಿಲುಕುತ್ತಾರೆ. ಆಟದ ಬಯಲಿನಲ್ಲಾಗಲಿ ಶಾಲಾ ಪ್ರವಾಸದಲ್ಲಾಗಲಿ ನಿಮಗೂ ಈ ಮಾತು ಅನ್ವಯಿಸುತ್ತದೆ. ಮೈ ಸರಿಯಿಲ್ಲವೆಂದರೆ ಹೇಳಿಬಿಡಿ. ಹೇಳುವುದು ಹೇಡಿತನವಲ್ಲ.

ನಡುರಾತ್ರಿಯ ಪಯಣ

ಕೊನೆಯ ಬಿಡಾರದಿಂದ ತುದಿಗೆ ಇನ್ನೂ ಸುಮಾರು 1200 ಮೀಟರ್ ಏರಬೇಕು. ಇದಕ್ಕೆ ಸಾಮಾನ್ಯವಾಗಿ ನಡುರಾತ್ರಿಯ ಹೊತ್ತಿಗೆ ಹೊರಡುತ್ತಾರೆ. ಹಣೆಗೆ ದೀಪ ಕಟ್ಟಿಕೊಂಡು ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಡೆಯುತ್ತಾರೆ. ಅಷ್ಟು ಚಳಿಯಲ್ಲಿ ಕತ್ತಲೆಯಲ್ಲಿ ಏಕೆ? ಇದಕ್ಕೂ ವಿಜ್ಞಾನದ ಕಾರಣಗಳಿವೆ. ಇಳಿಜಾರಿನಲ್ಲಿ ಸಡಿಲವಾದ ಬೂದಿ ಮತ್ತು ಜಲ್ಲಿಕಲ್ಲು ತುಂಬಿದೆ. ಹಗಲಿನಲ್ಲಿ ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದೆ ಜಾರುತ್ತದೆ. ರಾತ್ರಿ ಅದರಲ್ಲಿರುವ ತೇವ ಹೆಪ್ಪುಗಟ್ಟಿ ನೆಲ ಗಟ್ಟಿಯಾಗಿರುತ್ತದೆ. ಮತ್ತೊಂದು ಕಾರಣ ಮೋಡ. ಹಗಲು ಇಳಿಜಾರು ಕಾದು ತೇವದ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ. ಬೆಳಗಿನ ಜಾವ ಆಕಾಶ ನಿರ್ಮಲ. ಜೊತೆಗೆ, ಸೂರ್ಯೋದಯಕ್ಕೆ ತುದಿ ಮುಟ್ಟಿದರೆ ಹಗಲು ಬೆಳಕಿನಲ್ಲೇ ಬಹಳಷ್ಟು ಕೆಳಗಿಳಿಯಬಹುದು.

ಈ ದಾರಿಯುದ್ದಕ್ಕೂ ಮಾರ್ಗದರ್ಶಿಗಳ ಬಾಯಲ್ಲಿ ಒಂದೇ ಮಾತು: "ಪೋಲೆ ಪೋಲೆ." ಸ್ವಾಹಿಲಿಯಲ್ಲಿ ಹಾಗೆಂದರೆ ನಿಧಾನ ನಿಧಾನ. ನಮ್ಮ ರಸ್ತೆ ಬದಿಯ ಫಲಕಗಳಲ್ಲಿ "ನಿಧಾನವೇ ಪ್ರಧಾನ" ಎಂದು ಬರೆದಿರುತ್ತದಲ್ಲ, ಅದೇ ಅರ್ಥ.

1889ರ ಅಕ್ಟೋಬರ್ 6ರಂದು ಮೊದಲ ಬಾರಿಗೆ ಈ ತುದಿ ಮುಟ್ಟಿದವರು ಹಾನ್ಸ್ ಮೇಯರ್ ಮತ್ತು ಲುಡ್ವಿಗ್ ಪುರ್ಟ್‌ಶೆಲ್ಲರ್. ಮೇಯರ್ 1887ರಲ್ಲಿ ಪ್ರಯತ್ನಿಸಿ ಮಂಜುಗಡ್ಡೆಯ ಗೋಡೆ ದಾಟಲಾಗದೆ ಹಿಂದಿರುಗಿದ್ದರು. 1889ರಲ್ಲಿ ಅವರು ಬೇರೆ ಬೇರೆ ಎತ್ತರಗಳಲ್ಲಿ ಬಿಡಾರ ಹಾಕಿ, ಕೆಳಗಿನಿಂದ ಆಹಾರ ತರಿಸಿಕೊಳ್ಳುತ್ತ ಬೆಟ್ಟದ ಮೇಲೆಯೇ ದಿನಗಟ್ಟಲೆ ಉಳಿದರು. ಒಮ್ಮೆ ಆಗದಿದ್ದರೆ ಮತ್ತೊಮ್ಮೆ ಪ್ರಯತ್ನಿಸಲು ಇದರಿಂದ ಸಾಧ್ಯವಾಯಿತು.

ಹೊರೆ ಹೊರುವವರು

ಮೇಯರ್ ಅವರ ಆಹಾರವನ್ನು ಹೊತ್ತು ತಂದವರು ಸ್ಥಳೀಯರು. ಇಂದಿಗೂ ಚಾರಣಿಗರ ಡೇರೆ, ಅಡುಗೆ ಸಾಮಾನು, ಅಕ್ಕಿ, ನೀರು ಎಲ್ಲವನ್ನೂ ಹೊರುವವರು ಟಾಂಜಾನಿಯಾದ ಹೊರೆಯಾಳುಗಳೇ. ಒಬ್ಬರು 20 ಕೆ.ಜಿ.ಗಿಂತ ಹೆಚ್ಚು ಹೊರಬಾರದೆಂದು ಉದ್ಯಾನದ ನಿಯಮವಿದ್ದು, ಬಾಗಿಲಲ್ಲಿ ಹೊರೆಯನ್ನು ತೂಗುತ್ತಾರೆ. ಚಾರಣಿಗರಿಗಿಂತ ತಡವಾಗಿ ಹೊರಟು, ಅವರಿಗಿಂತ ಮೊದಲೇ ಬಿಡಾರ ತಲುಪಿ ಡೇರೆ ಹಾಕಿರುತ್ತಾರೆ. ವಿರಳ ಗಾಳಿ ಮತ್ತು ಚಳಿ ಅವರನ್ನೂ ಬಿಡುವುದಿಲ್ಲ. ಸರಿಯಾದ ಬಟ್ಟೆ, ಬೂಟು ಇಲ್ಲದೆ ಹೊರೆಯಾಳುಗಳು ಸತ್ತದ್ದೂ ಉಂಟು. ಆದ್ದರಿಂದ ಅವರಿಗೆ ಬೆಚ್ಚನೆಯ ಉಡುಪು, ಹೊಟ್ಟೆ ತುಂಬ ಊಟ, ನ್ಯಾಯವಾದ ಕೂಲಿ ಕೊಡುವುದೂ ಸುರಕ್ಷಿತ ಚಾರಣದ ಭಾಗವೇ.

ಕರಗುತ್ತಿರುವ ಕಿರೀಟ

ಮೇಯರ್ ಕಂಡ ಮಂಜುಗಡ್ಡೆಯ ಗೋಡೆ ಈಗ ಆ ಜಾಗದಲ್ಲಿಲ್ಲ. 1912ರಿಂದ 2011ರ ನಡುವೆ ಪರ್ವತದ ಮೇಲಿನ ಮಂಜುಗಡ್ಡೆಯ ಹರವು ಸುಮಾರು ಶೇ. 85ರಷ್ಟು ಕಡಿಮೆಯಾಗಿದೆ ಎಂದು ವಿಜ್ಞಾನಿಗಳು ಅಳೆದಿದ್ದಾರೆ. ಉಳಿದದ್ದೂ 2050ರ ವೇಳೆಗೆ ಇಲ್ಲವಾಗಬಹುದೆಂದು ಯುನೆಸ್ಕೋ 2022ರಲ್ಲಿ ಎಚ್ಚರಿಸಿದೆ.

ಇಲ್ಲಿನ ಮಂಜುಗಡ್ಡೆ ಕರಗಿ ನೀರಾಗುವುದಷ್ಟೇ ಅಲ್ಲ. ಒಣಗಾಳಿ ಮತ್ತು ಪ್ರಖರ ಬಿಸಿಲಿಗೆ ಬಹಳಷ್ಟು ಭಾಗ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಕರ್ಪೂರ ಸವೆದುಹೋಗುವುದಿಲ್ಲವೆ? ಹಾಗೆ. ಇದನ್ನು ಉತ್ಪತನ ಎನ್ನುತ್ತೇವೆ. ಹೀಗೆ ಸವೆದದ್ದನ್ನು ತುಂಬಿಕೊಡಲು ಸಾಕಷ್ಟು ಹೊಸ ಹಿಮ ಬೀಳುತ್ತಿಲ್ಲ. ಭೂಮಿಯ ಉಷ್ಣತೆಯೂ ಏರುತ್ತಿದೆ.

ಹಾಗಾದರೆ ಬುಡದ ಊರುಗಳಿಗೆ ನೀರಿರುವುದಿಲ್ಲವೆ? ಅಲ್ಲಿನ ತೊರೆಗಳಿಗೆ ಹೆಚ್ಚಿನ ನೀರು ಬರುವುದು ಮಂಜುಗಡ್ಡೆಯಿಂದಲ್ಲ, ಮಳೆಕಾಡಿನಿಂದ. ಕಾಡು ಮಳೆಯನ್ನೂ ಮಂಜನ್ನೂ ಹಿಡಿದಿಟ್ಟು ನಿಧಾನವಾಗಿ ಬಿಟ್ಟುಕೊಡುತ್ತದೆ. ಆದ್ದರಿಂದ ಕಾಡು ಉಳಿದರೆ ಚಗ್ಗಾ ರೈತರ ಬಾಳೆ ತೋಟಗಳು ಉಳಿಯುತ್ತವೆ.

ಇನ್ನು ಆ ಹುಡುಗಿಯ ಪ್ರಶ್ನೆ. ನಾನು ಉತ್ತರ ಹೇಳಲಿಲ್ಲ. ಎರಡು ದಾರಿಗಳ ಅಂಕಿಗಳನ್ನು ಕರಿಹಲಗೆಯ ಮೇಲೆ ಬರೆದು ನಕ್ಷೆ ಬಿಡಿಸಲು ಹೇಳಿದೆ. ಬಿಡಿಸಿ ಮುಗಿಸಿದ ಮೇಲೆ ಅವಳು ತನ್ನ ನಕ್ಷೆಯನ್ನೇ ನೋಡುತ್ತ, "ಸಾರ್, ಹತ್ತಿರದ ದಾರಿ ಕಾಲಿಗೆ ಹತ್ತಿರ, ಉಸಿರಿಗೆ ದೂರ" ಎಂದಳು. ಈ ಸಲ ಯಾರೂ ನಗಲಿಲ್ಲ.

ಮಾಡಿ ನೋಡಿ

1. ನಕ್ಷೆ ಹಾಳೆಯಲ್ಲಿ ಅಡ್ಡಗೆರೆಯ ಮೇಲೆ ರಾತ್ರಿಗಳನ್ನೂ ಲಂಬ ಗೆರೆಯ ಮೇಲೆ ಎತ್ತರವನ್ನೂ ಗುರುತಿಸಿ. ಮರಂಗು ಮತ್ತು ಮಚಾಮೆ ದಾರಿಗಳ ಅಂಕಿಗಳಿಗೆ ಬೇರೆ ಬೇರೆ ಬಣ್ಣದ ಗೆರೆ ಎಳೆಯಿರಿ. ಯಾವ ಗೆರೆ ಹೆಚ್ಚು ಕಡಿದಾಗಿದೆ?

2. ಘಾಟಿಯ ಮೇಲಿನಿಂದ ಕೆಳಗಿಳಿಯುವ ಪ್ರಯಾಣ ಮಾಡುವಾಗ, ಮೇಲೆ ಇರುವಾಗಲೇ ಖಾಲಿ ಪ್ಲಾಸ್ಟಿಕ್ ನೀರಿನ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ಹಾಕಿ. ಕೆಳಗೆ ಬಂದ ಮೇಲೆ ಬಾಟಲಿಯ ಆಕಾರ ನೋಡಿ. ಅದು ಒಳಗೆ ಕುಗ್ಗಿದ್ದರೆ ಕಾರಣವೇನೆಂದು ಗೆಳೆಯರಿಗೆ ವಿವರಿಸಿ.

3. ಶಾಲೆಯ ಅಂಗಳದಲ್ಲಿ ಗೆರೆ ಎಳೆದು ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಯಿರಿ. ಬಳಿಕ ನಿಂತಲ್ಲೇ ಐದು ಸುತ್ತು ಗಿರಕಿ ಹೊಡೆದು ಮತ್ತೆ ನಡೆಯಿರಿ. ಬೀಳದಂತೆ ಹಿಡಿಯಲು ಗೆಳೆಯರೊಬ್ಬರು ಪಕ್ಕದಲ್ಲಿರಲಿ.

ಯೋಚಿಸಿ

ನಿಮ್ಮ ಊರು ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ? ರೈಲು ನಿಲ್ದಾಣ ಹತ್ತಿರವಿದ್ದರೆ ಅಲ್ಲಿನ ಹಳದಿ ಫಲಕದಲ್ಲಿ ಬರೆದಿರುತ್ತದೆ. ಇಂದು ನಿಮ್ಮ ಊರಿನಲ್ಲಿ ಎಷ್ಟು ಡಿಗ್ರಿ ಇದೆಯೋ ನೋಡಿ. ನಿಮ್ಮ ಊರಿನ ನೆತ್ತಿಯ ಮೇಲೆ 5895 ಮೀಟರ್ ಎತ್ತರದಲ್ಲಿ ಉಷ್ಣತೆ ಎಷ್ಟಿರಬಹುದು? ಲೆಕ್ಕ ಮಾಡಿ ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.